ಬೋರರ್ ಹಿಡಿದ ಗಿಡದ ಚಿತ್ರ

ಚಿತ್ರ ಬರೆಯುವ ಹುಚ್ಚು ನನಗೆ ಹಿಡಿದದ್ದು ನಲವತ್ತಾರನೇ ವಯಸ್ಸಿನಲ್ಲಿ, ಫೋನಿನಲ್ಲಿ ಒಂದು ವಿಡಿಯೊ ನೋಡಿ. ಯಾರೋ ಒಬ್ಬಾಕೆ ಕಡ್ಡಿಯೊಂದನ್ನು ಮಸಿಯಲ್ಲಿ ಅದ್ದಿ ಎರಡು ನಿಮಿಷದಲ್ಲಿ ಮರ ಬರೆದುಬಿಟ್ಟಳು. ಇಷ್ಟೇ ತಾನೇ ಅನ್ನಿಸಿತು. ಕಳಸ ಪೇಟೆಯೆಲ್ಲ ಹುಡುಕಿದರೆ ಸಿಕ್ಕಿದ್ದು ಕಪ್ಪು ಇಂಕಿನ ಒಂದೇ ಬಾಟಲಿ. ಅಂಗಡಿಯವರು ಅದರ ಧೂಳು ಒರೆಸುತ್ತ, ಮಕ್ಕಳಿಗಾ ಎಂದು ಕೇಳಿದರು. ಹೌದು ಎಂದು ಸುಳ್ಳು ಹೇಳಿದೆ.

ಮನೆಯಲ್ಲಿ ಕೈಗೆ ಸಿಕ್ಕಿದ್ದೆಲ್ಲ ಲೇಖನಿಯಾಯಿತು. ಪೊರಕೆ ಕಡ್ಡಿ ಕಾಗದಕ್ಕೆ ತಾಗಿದೊಡನೆ ಇಂಕನ್ನೆಲ್ಲ ಒಂದೇ ಕಡೆ ಇಳಿಸಿಬಿಡುತ್ತಿತ್ತು. ಕೋಳಿ ಪುಕ್ಕ ನಾನು ಹೇಳಿದ ಕಡೆ ಹೋಗುತ್ತಲೇ ಇರಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಹೆಬ್ಬೆರಳಿನಿಂದ ಸಿಡಿಸಿದರೆ ತುಂತುರು ಮಳೆ ಬಹಳ ಚೆನ್ನಾಗಿ ಬರುತ್ತಿತ್ತು, ಗಂಡನ ಬಿಳಿ ಅಂಗಿಯ ಮೇಲೂ. ಇಂಕು ಮುಗಿದೀತೆಂದು ಒಂದು ಸಂಜೆ ಕಾಫಿ ಡಿಕಾಕ್ಷನ್ನನ್ನೇ ಗಟ್ಟಿಯಾಗಿ ಕುದಿಸಿ, ಕಾಗದಕ್ಕೆ ಅಂಟಲಿ ಎಂದು ಚೂರು ಬೆಲ್ಲವನ್ನೂ ಹಾಕಿದೆ. ಬೆಳಗ್ಗೆ ನೋಡಿದರೆ ಬರೆದ ಗೆರೆಗಳ ಉದ್ದಕ್ಕೂ ಇರುವೆ. ನಿನ್ನ ಚಿತ್ರಕ್ಕೆ ಜೀವ ಬಂದಿದೆ ಮಾರಾಯ್ತಿ ಎಂದು ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಮಾತು ಕೇಳಿದ್ದು ಕಾಫಿ ಗಿಡದ ಕಡ್ಡಿ. ತುದಿಯನ್ನು ಹಲ್ಲಿನಲ್ಲಿ ಜಜ್ಜಿ ಅದ್ದಿದರೆ ಒಂದು ಮಗ್ಗುಲಿಗೆ ದಪ್ಪ ಗೆರೆ, ತಿರುಗಿಸಿದರೆ ಸಣ್ಣ ಗೆರೆ.

ಇಷ್ಟೆಲ್ಲ ಒದ್ದಾಡಿದ್ದು ಒಂದೇ ಗಿಡಕ್ಕಾಗಿ. ಕಾಫಿ ಒಣಗಿಸುವ ಕಣದ ಪಕ್ಕದ ಆ ಅರೇಬಿಕಾ ಗಿಡವನ್ನು ಅಪ್ಪ ನೆಟ್ಟಿದ್ದರು. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಈ ವರ್ಷ ಕೊಯ್ಲು ಮುಗಿದ ಮೇಲೆ ಅದರ ಕಾಂಡದಲ್ಲಿ ಉಬ್ಬಿದ ಗೆರೆಗಳು ಕಂಡವು. ಬೋರರ್ ಹುಳ ಒಳಗೆ ಕೊರೆಯುತ್ತಿತ್ತು. ಅಂಥ ಗಿಡವನ್ನು ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಕಿತ್ತು ಸುಡಬೇಕು, ಇಲ್ಲದಿದ್ದರೆ ಹುಳ ದುಂಬಿಯಾಗಿ ಹೊರಬಂದು ಸುತ್ತಲಿನ ಗಿಡಗಳಿಗೂ ಹೋಗುತ್ತದೆ. ಅಪ್ಪನ ತೋಟವನ್ನು ಈಗ ನೋಡಿಕೊಳ್ಳುವವಳು ನಾನೇ, ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಂದು ಚಿತ್ರ ಆಗಲಿ, ಆಮೇಲೆ ಕೀಳೋಣ ಎಂದು ಮೇಸ್ತ್ರಿಗೆ ಹೇಳಿದೆ.

ಮೇಸ್ತ್ರಿ ನಮ್ಮ ತೋಟದಲ್ಲಿ ಕಸಿ ಮಾಡುವವರು, ಅಂದರೆ ಕೊಯ್ಲಾದ ಮೇಲೆ ಗಿಡದ ಬೇಡದ ರೆಂಬೆಗಳನ್ನು ಕತ್ತರಿಸುವವರು. ಅವರಿಗೆ ಕತ್ತರಿ ಹಿಡಿಯಲು ಕಲಿಸಿದ್ದು ಅಪ್ಪ. ಮೊದಲ ಚಿತ್ರ ಮುಗಿದಾಗ ಹೆಮ್ಮೆಯಿಂದ ಅವರ ಕೈಗೆ ಕೊಟ್ಟೆ. ಒಂದೆಲೆಯನ್ನೂ ಬಿಡದೆ ಬರೆದಿದ್ದೆ. ಅವರು ಹಾಳೆಯನ್ನು ದೂರ ಹಿಡಿದು, ಗಿಡ ನೋಡುವ ಹಾಗೇ ಕೆಳಗಿನಿಂದ ಮೇಲಕ್ಕೆ ನೋಡಿ, ಇದನ್ನು ನೋಡಿದರೆ ಮೂರು ವರ್ಷದಿಂದ ಕಸಿಯಾದ ಹಾಗಿಲ್ಲ ಎಂದರು. ಆಮೇಲೆ ಕತ್ತರಿಯ ತುದಿಯಲ್ಲಿ ತೋರಿಸತೊಡಗಿದರು: ಇದು ಕಾಂಡದಿಂದ ನೆಟ್ಟಗೆ ಎದ್ದ ಕಂಬಚಿಗುರು, ಇರಬಾರದು, ಇದು ಒಳಮುಖ ಹೋಗಿದೆ, ಇವೆರಡು ಒಂದಕ್ಕೊಂದು ಉಜ್ಜುತ್ತಿವೆ. ನನಗೆ ರೇಗಿತು. ಇದು ಚಿತ್ರ, ಗಿಡವಲ್ಲ ಎಂದೆ. ಅವರಿಗೆ ಅದರಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ.

“ನಡು ತೆರವು ಮಾಡಿ ಅಮ್ಮ. ಒಳಗೆ ಬೆಳಕು ಬೀಳ್ಬೇಕು,” ಎಂದವರೇ ಕೆಲಸಕ್ಕೆ ಹೋದರು.

ಸಿಟ್ಟಿನಲ್ಲೇ ಇನ್ನೊಂದು ಬರೆದೆ, ಅವರು ಬೇಡ ಎಂದ ರೆಂಬೆಗಳನ್ನೆಲ್ಲ ಬಿಟ್ಟು. ಮೊದಲು ಕಪ್ಪು ಮುದ್ದೆಯಾಗಿದ್ದದ್ದು ಈಗ ನಿಜವಾಗಿ ಗಿಡದ ಹಾಗೆ ನಿಂತಿತ್ತು. ಅದನ್ನು ಅವರೆದುರು ಒಪ್ಪಿಕೊಳ್ಳುವಷ್ಟು ದೊಡ್ಡತನ ನನಗಿರಲಿಲ್ಲ. ಮರುದಿನ ಮತ್ತೊಂದು, ಅದರ ಮರುದಿನ ಇನ್ನೊಂದು. ದಿನಾ ಬೆಳಗ್ಗೆ ಮೇಸ್ತ್ರಿ ಏನಾದರೊಂದು ತಪ್ಪು ಹಿಡಿಯುತ್ತಿದ್ದರು. ನಾನು ಮುಖ ಊದಿಸಿಕೊಂಡರೂ ಒಳಗೊಳಗೇ ಖುಷಿಪಡುತ್ತಿದ್ದೆ. ಚಿತ್ರದಲ್ಲಿ ತಪ್ಪು ಉಳಿದಿರುವಷ್ಟು ದಿನ ಗಿಡವನ್ನು ಕೀಳಬೇಕಾಗಿರಲಿಲ್ಲ.

ಹನ್ನೊಂದು ಹಾಳೆಯಾಯಿತು. ಹನ್ನೆರಡನೆಯ ದಿನ ಕುದುರೆಮುಖದ ಕಡೆ ಮೋಡ ಕಟ್ಟಿತು. ಒಂದು ಗಿಡಕ್ಕಾಗಿ ಸುತ್ತಲಿನ ನಲವತ್ತು ಗಿಡ ಕಳೆದುಕೊಳ್ಳುತ್ತೀಯಾ ಎಂದು ಗಂಡ ಮೆಲ್ಲಗೆ ಕೇಳಿದರು. ಕಡ್ಡಿ, ಇಂಕು ತೆಗೆದುಕೊಂಡು ಹೋಗಿ ಗಿಡದೆದುರು ಕೂತೆ.

ಅವತ್ತು ನಾನು ತಲೆಯೆತ್ತಿ ನೋಡಿದ್ದೇ ಕಡಿಮೆ. ಯಾವ ರೆಂಬೆ ಇರಲಿ, ಯಾವುದು ಬೇಡ ಎಂದು ಯೋಚಿಸಲೂ ಇಲ್ಲ, ಕೈ ಹೋದ ಕಡೆ ಬಿಟ್ಟೆ. ಚಿಕ್ಕವಳಿದ್ದಾಗ ಇದೇ ಕಣದ ಕಟ್ಟೆಯ ಮೇಲೆ ಕೂತು ದಿನಾ ನೋಡುತ್ತಿದ್ದ ಗಿಡ ಅದು. ಇಂಕು ಒಣಗುವ ಮೊದಲೇ ಮೇಸ್ತ್ರಿ ಬಂದರು. ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಮತ್ತೊಮ್ಮೆ ನೋಡಿದರು. ತಪ್ಪು ಹಿಡಿಯಲಿ ಎಂದು ಕಾದೆ.

“ಇದು ನನ್ನ ಕಸಿ ಅಲ್ಲ ಅಮ್ಮ,” ಎಂದರು. “ನಾನು ಇಷ್ಟು ಬಿಚ್ಚಿ ಬಿಡಲ್ಲ. ಇದು ನಿಮ್ಮ ಅಪ್ಪಾವ್ರ ಕೈ.”

ನನಗೆ ಅಳು ಬಂತು. ಅವರೆದುರಿಗೇ ಅತ್ತುಬಿಟ್ಟೆ. ಪಾಪ, ಅವರು ಎತ್ತ ನೋಡುವುದೆಂದು ತಿಳಿಯದೆ ಮೋಡ ನೋಡುತ್ತ ನಿಂತರು. ಆಮೇಲೆ ಮುಖ ಒರೆಸಿಕೊಂಡು, ಗುದ್ದಲಿ ತನ್ನಿ ಎಂದೆ. ಬೇರು ಸಡಿಲವಾಗುವವರೆಗೆ ಅವರು ಅಗೆದರು. ಎಳೆಯುವಾಗ ನಾನೂ ಕೈ ಹಾಕಿದೆ.