ಜಗಲಿ ಇಳಿದ ಅಂಗಡಿ

ಎಲೆಗೆ ಸುಣ್ಣ ಸವರುತ್ತ ಕೂರುವುದಕ್ಕೆ ಗುಂಡ್ಲುಪೇಟೆಯಲ್ಲಿ ನಮ್ಮ ಅಂಗಡಿ ಜಗಲಿಯಷ್ಟು ಹಿತವಾದ ಜಾಗ ಇನ್ನೊಂದಿರಲಿಲ್ಲ ಎಂದರೆ ನೀವು ನಗಬಹುದು. ನಗಿ, ಆದರೆ ಅಲ್ಲಿ ಕೂತವರು ಬೇಗ ಎದ್ದುಹೋದದ್ದನ್ನು ನಾನಂತೂ ಕಾಣೆ. ಚಾಮರಾಜನಗರದಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಅಂಗಡಿಯ ಹಿಂದಿನ ಮನೆಬಾಗಿಲ ಸಂದಿಯಿಂದ ಕಣ್ತುಂಬ ನೋಡುತ್ತಿದ್ದೆ: ಸೊಂಟದೆತ್ತರದ ಕಲ್ಲುಕಟ್ಟೆ, ಊರ ಹತ್ತಿರದ ಮದ್ದೂರು ಕಾಡಿನ ತೇಗದ ಕಂಬಗಳು, ಕಂಬದ ನೆತ್ತಿಯ ಬೋದಿಗೆಯಲ್ಲಿ ಕೆತ್ತಿದ ಗಿಳಿಗಳು, ಮೇಲೆ ನಾಡಹೆಂಚಿನ ಇಳಿಮಾಡು. ಕಟ್ಟಿಸಿದವರು ಮಾವನವರ ತಾತ. ಅಬ್ಬಾ, ಆ ಹಿರಿಯರ ಕಣ್ಣೇ ಕಣ್ಣು!

ಆದರೆ ಕಟ್ಟಡಗಳಿಗೂ ಮನುಷ್ಯರ ಹಾಗೆ ಒಂದು ಸ್ವಭಾವವಿರುತ್ತದೆ. ಕುದೇರಿನ ಕುಳಗಳು ಬಂದರೆ ಜಗಲಿಯ ಮೇಲೆ ಚಾಪೆ ಬೀಳುತ್ತಿತ್ತು. ಸಣ್ಣ ರೈತರು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ತೆರಕಣಾಂಬಿಯಿಂದ ಕೂಲಿ ಮುಗಿಸಿ ಬರುವ ಕೇರಿಯ ಮಾದಮ್ಮ ಮಾತ್ರ ಬೀದಿಯಲ್ಲೇ ನಿಂತು ಸೆರಗೊಡ್ಡಬೇಕು; ಮಾವನವರು ಮೇಲಿನಿಂದ ಅಳತೆಯ ಪಾವಿನಲ್ಲಿ ಉಪ್ಪು ಸುರಿಯಬೇಕು. ಯಾರೂ ಯಾರಿಗೂ ಹೀಗೆ ಮಾಡಿ ಎಂದು ಹೇಳುತ್ತಿರಲಿಲ್ಲ. ಹೇಳುವ ಕೆಲಸವನ್ನು ಜಗಲಿಯ ಎತ್ತರವೇ ಮಾಡುತ್ತಿತ್ತು.

ಐವತ್ತರ ದಶಕದಲ್ಲಿ ಊಟಿಯ ಬಸ್ಸು ಲಾರಿಗಳು ಹೆಚ್ಚಿದವು, ರಸ್ತೆ ಅಗಲವಾಗಬೇಕೆಂದರು, ನಮ್ಮ ಜಗಲಿಗೆ ಸುಣ್ಣದ ಗೆರೆ ಬಿತ್ತು. ಮಾವನವರು ಅವತ್ತು ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯಲೇ ಇಲ್ಲ.

"ಜಗ್ಲಿ ಓದ್ರೆ ಅಂಗ್ಡಿ ಮರ್ಯಾದೆನೇ ಓಯ್ತು ಕಣವ್ವ" ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡರು. ಗಿಳಿಗಳು ನನಗೂ ಅಷ್ಟೇ ಬೇಕಾಗಿದ್ದವು.

ಒಡೆದರು. ಒಳನೆಲ ಸೊಂಟದೆತ್ತರದಲ್ಲಿ ತೂಗುಬಿದ್ದಂತೆ ಉಳಿಯಿತು. ಮೆಟ್ಟಿಲು ಕಟ್ಟೋಣವೆಂದರೆ ಮುಂದೆ ಜಾಗವಿಲ್ಲ.

"ಒಳ್ಗಿನ ನೆಲಾನೂ ತಗ್ಗಿಸ್ಬುಡಿ ಸ್ವಾಮಿ, ಇಲ್ದಿದ್ರೆ ಗಿರಾಕಿಗಳು ಏಣಿ ಆಕ್ಕಂಡು ಅತ್ಬೇಕಾಯ್ತದೆ" ಎಂದ ಗಾರೆ ಕೆಲಸದವನು. ವಿಧಿಯಿಲ್ಲದೆ ಮುಂಭಾಗವನ್ನೆಲ್ಲ ಅಗೆಸಿ, ಬೀದಿಯ ಮಟ್ಟಕ್ಕೆ ಕಲ್ಲು ಹಾಸಿಸಿದೆವು.

ಮತ್ತೆ ಬಾಗಿಲು ತೆರೆದ ದಿನ ಮಾದಮ್ಮ ಬಂದಳು; ರೂಢಿಯಂತೆ ಬೀದಿಯಲ್ಲೇ ನಿಂತು ಸೆರಗೊಡ್ಡಿದಳು. ಮಾವನವರೂ ರೂಢಿಯಂತೆ ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿ ಸುರಿದರು. ಸೆರಗಿಗಿಂತ ಹೆಚ್ಚು ಉಪ್ಪು ಅವಳ ಮುಖಕ್ಕೆ, ಹೆಗಲಿಗೆ ಬಿತ್ತು. ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದವು. ಇಷ್ಟು ವರ್ಷ ವ್ಯಾಪಾರ ಮಾಡಿದವರು ಒಬ್ಬರ ಮುಖವನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಬುದ್ಧಿ, ಈಗ ಕೈಗೇ ಕೊಡ್ಬೋದಲ್ಲ" ಎಂದಳು ಮಾದಮ್ಮ, ರೆಪ್ಪೆಯ ಉಪ್ಪು ಒರೆಸಿಕೊಳ್ಳುತ್ತ.

ನಾನು ಬಾಗಿಲ ಸಂದಿಗೆ ಇನ್ನಷ್ಟು ಒತ್ತಿಕೊಂಡೆ. ಬೀದಿಯವರೆಲ್ಲ ನೋಡುತ್ತಿದ್ದರು. ಕಡೆಗೆ ಮಾವನವರು ಮತ್ತೆ ಉಪ್ಪು ತುಂಬಿ, ಪಾವನ್ನೇ ಮುಂದೆ ಚಾಚಿ, "ಬಿಸ್ಲಲ್ಲಿ ಯಾಕ್ ನಿಂತಿದ್ದೀಯೆ, ಒಳಿಕ್ ಬಂದು ತಕ್ಕೊ" ಎಂದರು.

ಮಾದಮ್ಮ ಬಲಗಾಲನ್ನು ಒಳಗಿಟ್ಟಳು, ಎಡಗಾಲನ್ನೂ ಇಟ್ಟಳು, ಹಾಗೇ ಒಂದು ಗಳಿಗೆ ನಿಂತಳು.

"ಒಳ್ಗೆ ನೆಲ ಎಸ್ಟು ತಣ್ಣಗದೆ ಬುದ್ಧಿ!" ಎಂದಳು.