ಅತ್ತೆಯನ್ನು ಮೆಟ್ಟಿಲಿಳಿಸಿದ್ದು ಯಾರು?

ದೆವ್ವ-ಭೂತ ಅಂದರೆ ನನಗೆ ಮೊದಲಿನಿಂದಲೂ ನಗು. ಧಾರವಾಡದ ನಮ್ಮ ಓಣಿಯ ಹುಣಸೆಮರವನ್ನು ಗೆಳತಿಯರೆಲ್ಲ ಓಡಿ ದಾಟಿದರೆ, ನಾನು ಅದರ ಕೆಳಗೆ ನಿಂತು ಕಾಯಿ ಆರಿಸುತ್ತಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಲಂಡನ್ನಿನ ಪಿನ್ನರಿನಲ್ಲಿ ಹಳೆಯ ಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಇಡೀ ಬೀದಿಯೇ ಸಂರಕ್ಷಿತ. ನಮ್ಮ ಮನೆಯಂತೂ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿತ್ತು. ಮುಂಬಾಗಿಲಿಗೆ ಎರಡು ಎತ್ತರದ ಕಲ್ಲಿನ ಮೆಟ್ಟಿಲು, ಅದರ ಕೆಳಗೇ ಫುಟ್‌ಪಾತು. ಇಳಿಜಾರು ಹಲಗೆ ಇಡಲು ಜಾಗವಿಲ್ಲ, ಕಲ್ಲು ಮುಟ್ಟಲು ಅಪ್ಪಣೆಯಿಲ್ಲ.

ನಮ್ಮ ಜೊತೆಗಿದ್ದ ವಿಜಯಪುರದ ನನ್ನ ಅತ್ತೆ ಪಾರ್ಶ್ವವಾಯು ಬಡಿದು ವೀಲ್‌ಚೇರ್ ಹಿಡಿದಿದ್ದರು. ಅವರನ್ನು ಇಳಿಸಲು ಇಬ್ಬರು ಬೇಕು. ಯಜಮಾನರಿಗೆ ಬಿಡುವಿರುವುದು ಶನಿವಾರ ಮಾತ್ರ. ಅದೇ ಹೊತ್ತಿಗೆ ಹಳೆಯ ಬೀದಿ ನೋಡುವ ಗುಂಪು ಬಂದು ನಮ್ಮ ಮೆಟ್ಟಿಲಿನ ಫೋಟೊ ತೆಗೆಯುತ್ತಿತ್ತು. ಎಷ್ಟು ಚೆಂದ ಉಳಿಸಿಕೊಂಡಿದ್ದಾರೆ ಅನ್ನುತ್ತಿದ್ದರು. ಏದುಸಿರು ಬಿಡುತ್ತ ಅತ್ತೆಯನ್ನು ಹೊತ್ತು ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಳಿದ ದಿನಗಳಲ್ಲಿ ಅತ್ತೆ, "ಒಂದೀಟು ಬಿಸಲಾಗ ಕುಂದ್ರಸ ನಮ್ಮವ್ವ" ಅಂತ ಕೇಳುವರು. ನನ್ನ ಒಬ್ಬಳ ಕೈಲಾಗದು. ಕೇಳಿ ಕೇಳಿ ಅವರೂ ಸೋತರು, ಇಲ್ಲವೆಂದು ಹೇಳಿ ಹೇಳಿ ನಾನೂ ಸೋತೆ.

ಒಂದು ಮಂಗಳವಾರ ಅವರಿಗೆ ಊಟ ಮಾಡಿಸಿ ಸೋಫಾದ ಮೇಲೆ ಒರಗಿದವಳಿಗೆ ಜೊಂಪು ಹತ್ತಿತು. ಎದ್ದಾಗ ಕೋಣೆಯಲ್ಲಿ ಅತ್ತೆಯಿಲ್ಲ. ಕಿಟಕಿಯಿಂದ ನೋಡಿದರೆ ಫುಟ್‌ಪಾತಿನಲ್ಲಿ, ಬಿಸಿಲಿಗೆ ಮುಖವೊಡ್ಡಿ ಕೂತಿದ್ದಾರೆ! ಕುರ್ಚಿಯ ಬ್ರೇಕೂ ಹಾಕಿತ್ತು. ಬಾಗಿಲಿಗೆ ಓಡಿದೆ. ಒಳಗಿನಿಂದ ನಾನೇ ಹಾಕಿದ ಸರಪಳಿ ಹಾಕಿದ ಹಾಗೇ ಇತ್ತು. ಹಿತ್ತಲಿನಿಂದ ಬೀದಿಗೆ ದಾರಿಯೇ ಇಲ್ಲ. ಸರಪಳಿ ತೆಗೆದು ಮೆಟ್ಟಿಲಿಳಿದೆ.

"ಅತ್ತಿ, ಹೊರಗ ಹ್ಯಾಂಗ ಬಂದ್ರಿ?"

"ಯಾಕ ಒದರ್ತಿ? ಅಕಿ ಇಳಿಸಿದ್ಲು."

"ಯಾರು?"

"ನನ್ನ ವಾರಗಿ ಮುದುಕಿ. ಒಳಗಿಂದನ ಬಂದ್ಲು. ನೀ ದಣದು ಮಲಗಿದ್ದಿ, ಎಬ್ಬಸಬ್ಯಾಡ ಅಂತ ಕೈ ಮಾಡಿದ್ಲು. ಪಾಪ, ಛಲೋ ಹೆಣಮಗಳು."

ಪಕ್ಕದ ಮನೆಯವರನ್ನು ಕರೆದು ಅತ್ತೆಯನ್ನು ಒಳಗೆ ತಂದೆವು. ಆ ನೆರೆಯವರು ಯಾರನ್ನೂ ಕಂಡಿರಲಿಲ್ಲ.

ಸಂಜೆ ಯಜಮಾನರು, "ನಿದ್ದಿಗಣ್ಣಾಗ ನೀನ ಇಳಿಸಿರಬೇಕು ನೋಡು" ಅಂದರು. "ಒಬ್ಬಾಕಿ ಇಳಸೂ ಶಕ್ತಿ ಇದ್ರ ಶನಿವಾರ ತನಕ ನಿಮ್ಮ ದಾರಿ ಯಾಕ ಕಾಯ್ತಿದ್ದೆ?" ಅಂದೆ.

ಭಯವಾಗಬೇಕಿತ್ತು, ಅಲ್ಲವೇ? ಆಗಲಿಲ್ಲ. ಯಾರೋ ನನ್ನ ದಣಿವನ್ನು ಕಂಡರಲ್ಲ ಎಂದು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಮರುದಿನ ಊಟವಾದ ಮೇಲೆ ಅತ್ತೆ ತಾವೇ ಶಾಲು ಕೇಳಿ ಹೊದ್ದುಕೊಂಡರು, ಬಾಗಿಲಿಗೆ ಮುಖ ಮಾಡಿ ಕೂತರು. ನಾನೂ ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಿದೆ. ನಿದ್ದೆ ಬರಲಿಲ್ಲ, ಆದರೂ ಕಣ್ಣು ತೆರೆಯಲಿಲ್ಲ. ಬೀದಿಯ ಬಿಸಿಲು ಇಳಿಯಿತು. ಯಾರೂ ಬರಲಿಲ್ಲ.

ಅತ್ತೆ ಈಗಿಲ್ಲ, ನಾವೂ ಆ ಮನೆ ಬಿಟ್ಟೆವು. ಅವತ್ತು ಏನಾಯಿತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಆ ಮನೆಯಲ್ಲಿದ್ದಷ್ಟು ದಿನವೂ ಮಧ್ಯಾಹ್ನ ಕಣ್ಣು ಮುಚ್ಚಿ, ಆ ಮುದುಕಿ ಇನ್ನೊಮ್ಮೆ ಬರಲೆಂದು ಕಾದೆ. ಅಷ್ಟು ಆಸೆಯಿಂದ ನಾನು ಯಾವ ದೇವರಿಗೂ ಕಾದಿಲ್ಲ.