ಬೆನ್ನ ಮೇಲೆ ಎರಡು ತಟ್ಟು

ಬುಸಾನ್ ಬಂದರಿನ ಹಿಂದಿನ ಬೀದಿಯ ಹೆಂಗಸರ ಸ್ನಾನದ ಮನೆಯಲ್ಲಿ ಮಾಲ್ಸುಕ್ ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳ ಮೈ ಉಜ್ಜುತ್ತಾಳೆ. ಮಾತು ಕಡಿಮೆ, ಕೈ ಜೋರು. ಬೆನ್ನ ಮೇಲೆ ಟಪಟಪ ಎಂದು ಎರಡು ಸಲ ತಟ್ಟಿದರೆ ಮಗ್ಗುಲಾಗಿ ಕೈ ಮೇಲೆತ್ತಬೇಕು. ಬ್ಯಾಂಕಿನ ಮ್ಯಾನೇಜರಾದರೂ ಸರಿ, ಮೀನು ಮಾರುವವಳಾದರೂ ಸರಿ. ಉಜ್ಜಿದ ಮೇಲೆ ಹೆಗಲು ಹಿಸುಕುವುದು ಪುಕ್ಕಟೆ; ಅದಕ್ಕೆ ಅಲ್ಲಿ 'ಸರ್ವೀಸು' ಎನ್ನುತ್ತಾರೆ. ಗಿರಾಕಿ ಬಾಯಿಬಿಟ್ಟು ಕೇಳುವ ತನಕ ಕಾದರೆ ಅದೆಂಥ ಉಪಚಾರ ಎನ್ನುವುದು ಅವಳ ವಾದ.

ಇಂಥ ಕೆಲಸವನ್ನು ಮಗಳು ದಾಸೊಮ್, ತಾನು ಮದುವೆಯಾಗಲಿರುವ ಹುಡುಗನ ಮನೆಯಲ್ಲಿ "ಅಮ್ಮಂದು ಬಿಸಿನೆಸ್" ಎಂದುಬಿಟ್ಟಿದ್ದಳು. ಮಾಲ್ಸುಕ್‌ಗೆ ಸಿಟ್ಟು ಬರಲಿಲ್ಲ, ನೋವಾಯಿತು. ಆದರೆ ಸಂಬಂಧ ಮುರಿದೀತೆಂಬ ಭಯಕ್ಕೆ ಬಾಯಿ ಹೊಲಿದುಕೊಂಡಳು.

ಎರಡೂ ಮನೆಯವರು ಮೊದಲ ಸಲ ಕೂತು ಊಟ ಮಾಡುವ ಶನಿವಾರ ಬೆಳಿಗ್ಗೆಯೂ ಅವಳು ಕೆಲಸ ತಪ್ಪಿಸಲಿಲ್ಲ. ಕೊನೆಗೆ ಬಂದವಳು ಅರವತ್ತರ ಆಸುಪಾಸಿನ ಹೊಸ ಗಿರಾಕಿ. ಬೋರಲು ಮಲಗಿಕೊಂಡೇ ಮಾತು ಶುರುಮಾಡಿದಳು.

"ಅಕ್ಕಾ, ಚೆನ್ನಾಗಿ ಉಜ್ಜಿ. ಮಧ್ಯಾಹ್ನ ಬೀಗರನ್ನ ನೋಡ್ಬೇಕು. ದಾಸೊಮ್ ಅಂತ ಹುಡುಗಿ, ಬಂಗಾರದಂಥೋಳು. ಅವಳಮ್ಮಂದು ಅದೇನೋ ದೊಡ್ಡ ಬಿಸಿನೆಸ್ಸಂತೆ, ನಂದು ಬರೀ ನೂಡಲ್ಸ್ ಅಂಗಡಿ. ಜಂಬ ಇದ್ರೂ ಸಹಿಸ್ಕೋತೀನಿ. ಸುಳ್ಳು ಹೇಳೋರಾದ್ರೆ ಮಾತ್ರ ನನಗಾಗಲ್ಲಪ್ಪ!"

ಮಾಲ್ಸುಕ್‌ಳ ಕೈ ನಿಂತೇ ಹೋಯಿತು. ಆಕೆ ತಿರುಗುವಷ್ಟರಲ್ಲಿ ಮುಖಕ್ಕೆ ಹಚ್ಚುವ ಸೌತೆಕಾಯಿ ತುರಿ ತಂದು ಕಣ್ಣು ಮುಚ್ಚುವಂತೆ ಮೆತ್ತಿದಳು.

"ಇದಕ್ಕೆಷ್ಟು?"

"ಸರ್ವೀಸು," ಎಂದಳು ದನಿ ದಪ್ಪ ಮಾಡಿಕೊಂಡು. ಬೆನ್ನಿಗೆ ಎರಡು ತಟ್ಟಿ ಮಗ್ಗುಲಾಗಿಸಿ, ಬಲಗಡೆಯನ್ನು ಹೇಗೋ ಮುಗಿಸಿ, ಹಿಂಬಾಗಿಲಿಂದ ಓಡಿದಳು.

ಮಧ್ಯಾಹ್ನ ಊಟದ ಹೋಟೆಲಿನಲ್ಲಿ ಮಾಲ್ಸುಕ್ ಮೈಮೇಲೆ ರೇಷ್ಮೆ ಅಂಗಿ, ತುಟಿಗೆ ಬಣ್ಣ; ಎದುರು ಕೂತ ಬೆಳಗಿನ ಗಿರಾಕಿಗೆ ಗುರುತು ಹತ್ತಲಿಲ್ಲ. ಬೀಗಿತ್ತಿ ನೆಟ್ಟಗೆ ಕೂತು ನಾಜೂಕಾಗಿ ತಿನ್ನುತ್ತಿದ್ದಳು. ಅಷ್ಟರಲ್ಲಿ ಅಕ್ಕಿ ಕಡುಬಿನ ಚೂರು ನೆತ್ತಿಗೇರಿ ಕೆಮ್ಮು ಒತ್ತರಿಸಿತು. ಎಲ್ಲರೂ ನೀರು ನೀರು ಎನ್ನುತ್ತಿದ್ದರೆ, ಮಾಲ್ಸುಕ್ ಎದ್ದವಳೇ ಬೆನ್ನ ಮೇಲೆ ಟಪಟಪ ಎಂದು ಎರಡು ಬಿಟ್ಟಳು.

ಬೀಗಿತ್ತಿ ಕೆಮ್ಮುತ್ತಲೇ ಮಗ್ಗುಲಿಗೆ ಹೊರಳಿ ಕೈ ಮೇಲೆತ್ತಿದಳು.

ಕೆಮ್ಮು ನಿಂತಿತು. ಎತ್ತಿದ ಕೈ ಇಳಿಯಲಿಲ್ಲ. "ಈ ಕೈ... ಬೆಳಿಗ್ಗೆ ನನ್ನ ಬೆನ್ನ ಮೇಲಿತ್ತಲ್ಲ!"

ದಾಸೊಮ್ ಮುಖ ಬಿಳಿಚಿಕೊಂಡಿತು. ಇನ್ನು ಅಡಗಿಸಿದ್ದು ಸಾಕು ಎನ್ನಿಸಿತು ಮಾಲ್ಸುಕ್‌ಗೆ. "ಹೌದು, ನಂದೇ ಕೈ. ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಬಿಸಿನೆಸ್ಸು."

"ಸುಳ್ಳು ನಂದು, ಅಮ್ಮಂದಲ್ಲ," ಎಂದು ದಾಸೊಮ್ ತಲೆ ತಗ್ಗಿಸಿ ಅಮ್ಮನ ತೋಳು ಹಿಡಿದಳು.

ಬೀಗಿತ್ತಿ ಒಮ್ಮೆ ಹುಡುಗಿಯನ್ನು, ಒಮ್ಮೆ ಅವಳಮ್ಮನನ್ನು ನೋಡಿದಳು. ಆಮೇಲೆ ಮಾಲ್ಸುಕ್‌ಳ ನೀರಲ್ಲಿ ನೆನೆದು ಸುಕ್ಕಾದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬೀಗಿತ್ತಿಯವರೇ, ನನ್ನ ಎಡಮಗ್ಗುಲು ಉಜ್ಜದೆ ಓಡಿದ್ರಲ್ಲ! ಮುಂದಿನ ಶನಿವಾರ ಬರ್ತೀನಿ. ಅದೂ ಸರ್ವೀಸೇ ತಾನೆ?"